ಹುಟ್ಟದವನ ಕಂಚಿನ ಪ್ರತಿಮೆ

ಊರ ನಡುವೆ ಪ್ರತಿಮೆಯಾಗಿ ನಿಲ್ಲುವ ಆಸೆ ಇದ್ದವರು ಮೊದಲು ಪಾಲಿಸಬೇಕಾದ ನಿಯಮ ಒಂದೇ: ಹುಟ್ಟಬಾರದು. ಈಗಾಗಲೇ ಹುಟ್ಟಿಬಿಟ್ಟಿದ್ದರೆ ಅರ್ಧ ಅರ್ಹತೆ ಹೋಯಿತು. ನಂಬಿಕೆ ಬರದಿದ್ದರೆ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ ಬನ್ನಿ.

ಅಲ್ಲಿನ ಕಲಾ ಮ್ಯೂಸಿಯಂ ಮುಂದೆ 72 ಮೆಟ್ಟಿಲುಗಳಿವೆ. 1976ರ ‘ರಾಕಿ’ ಸಿನಿಮಾದಲ್ಲಿ, ರಾಕಿ ಎಂಬ ಕಾಲ್ಪನಿಕ ಬಾಕ್ಸರ್ ಆಗಿ ಸಿಲ್ವೆಸ್ಟರ್ ಸ್ಟಲೋನ್ ಓಡಿ ಹತ್ತಿ, ಮೇಲೆ ನಿಂತು ಎರಡೂ ಕೈ ಎತ್ತಿ ಕುಣಿದದ್ದು ಇಲ್ಲೇ. ಅಂದಿನಿಂದ ಜಗತ್ತಿನ ಬೊಜ್ಜೆಲ್ಲ ಇಲ್ಲಿಗೆ ಬಂದು ಏದುಸಿರು ಬಿಡುತ್ತಿದೆ. ಮಗಳ ಬಾಣಂತನಕ್ಕೆಂದು ಹೋದ ನಮ್ಮ ಜಯನಗರದ ಹಿರಿಯರೂ ಮಂಕಿ ಕ್ಯಾಪ್ ಸಮೇತ ಕೈ ಎತ್ತಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಒಳಗೆ ವ್ಯಾನ್ ಗೋ ಬರೆದ ಸೂರ್ಯಕಾಂತಿ ಹೂಗಳಿವೆ. ಇರಲಿ ಬಿಡಿ, ಹೂವು ಎಲ್ಲೂ ಓಡಿಹೋಗುವುದಿಲ್ಲ.

ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ‘ಟ್ಯಾಕ್ಸಿ ಡ್ರೈವರ್’ನಂಥದ್ದನ್ನು ಹಿಂದೆ ಹಾಕಿ ಆಸ್ಕರ್ ಗೆದ್ದ ಚಿತ್ರ ಅದು, ಕೊನೆಯ ಸುತ್ತು ಬಂದಾಗ ನಾನೂ ಕುರ್ಚಿಯ ತುದಿಗೆ ಬಂದಿರುತ್ತೇನೆ. ನಾಯಕ ಕೊನೆಗೆ ಪಾಯಿಂಟ್ ಲೆಕ್ಕದಲ್ಲಿ ಸೋಲುತ್ತಾನೆ ಅನ್ನುವುದೇ ಅದರ ಚೆಂದ. ತಕರಾರು ಶುರುವಾಗುವುದು 1982ರ ಮೂರನೇ ಭಾಗದಿಂದ. ಅದರ ಚಿತ್ರೀಕರಣಕ್ಕೆಂದು ರಾಕಿಯ ಕಂಚಿನ ಪ್ರತಿಮೆ ಮಾಡಿಸಿ ಮೆಟ್ಟಿಲ ತುದಿಯಲ್ಲಿಟ್ಟರು. ಶೂಟಿಂಗ್ ಮುಗಿದರೆ ಸೆಟ್ ಬಿಚ್ಚುವುದು ಲೋಕರೂಢಿ. ರಾಕಿ ಬಿಚ್ಚಿಸಿಕೊಳ್ಳಲಿಲ್ಲ.

ಊರಿನ ದೊಡ್ಡವರು ತಲೆ ಕೆಡಿಸಿಕೊಂಡರು: ಇದು ಕಲೆಯೋ, ಶೂಟಿಂಗ್ ಪ್ರಾಪರ್ಟಿಯೋ? ಪ್ರಾಪರ್ಟಿಯೇ ಎಂದು ತೀರ್ಮಾನಿಸಿ ಸ್ಪೆಕ್ಟ್ರಮ್ ಕ್ರೀಡಾಂಗಣದ ಬಳಿಗೆ ಸಾಗಹಾಕಿದರು. ಮುಂದೆ ಇದೇ ಮ್ಯೂಸಿಯಂ, ಮಾರ್ಸೆಲ್ ದ್ಯುಶಾಂ ಎಂಬ ಕಲಾವಿದ ಕಲೆಯೆಂದು ಸಾರಿದ ಮೂತ್ರದ ಬೇಸಿನ್ನಿನ ಪ್ರತಿಯೊಂದನ್ನು ಭಕ್ತಿಯಿಂದ ಒಳಗಿಟ್ಟುಕೊಂಡಿತು. ಬೇಸಿನ್ ಒಳಗೆ, ಬಾಕ್ಸರ್ ಹೊರಗೆ! ಆದರೂ ಜನ ಕೇಳಬೇಕಲ್ಲ. 2006ರಲ್ಲಿ ರಾಕಿ ಮರಳಿ ಬಂದು ಮೆಟ್ಟಿಲ ಬುಡದಲ್ಲಿ ನಿಂತ.

ಈಗ ಹುಟ್ಟಿದ ತಪ್ಪು ಮಾಡಿದ ಒಬ್ಬ ಬಾಕ್ಸರ್‌ ಕಥೆ. ಜೋ ಫ್ರೇಜಿಯರ್ ದಕ್ಷಿಣ ಕೆರೊಲಿನಾದಿಂದ ಬಂದು ಇದೇ ಊರಿನ ಕಸಾಯಿಖಾನೆಯಲ್ಲಿ ದುಡಿದವರು. ಅಲ್ಲಿ ನೇತುಹಾಕಿದ ಮಾಂಸಕ್ಕೆ ಗುದ್ದಿ ಗುದ್ದಿ ಕೈ ಪಳಗಿಸಿಕೊಂಡವರು. ಇದೇ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದೆ ಎಂದೂ ಹೇಳಿಕೊಂಡಿದ್ದರು. ಸಿನಿಮಾದ ರಾಕಿ ಮಾಡುವುದೂ ಇವೆರಡನ್ನೇ. ಫ್ರೇಜಿಯರ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1971ರ ಮಾರ್ಚ್ 8ರಂದು, ಅದುವರೆಗೆ ಸೋಲೇ ಕಾಣದ ಮುಹಮ್ಮದ್ ಅಲಿಯನ್ನು 15ನೇ ಸುತ್ತಿನಲ್ಲಿ ಎಡಗೈ ಏಟಿನಿಂದ ಉರುಳಿಸಿ, ಪಂದ್ಯವನ್ನೂ ಗೆದ್ದರು. ಆ ಏಟಿಗೆ ರೀಟೇಕ್ ಇರಲಿಲ್ಲ.

ಊರು ಇದನ್ನೆಲ್ಲ ಗಮನಿಸಿತು, ಆಕಳಿಸಿತು. ಅವರು ತರಬೇತಿ ನೀಡುತ್ತಿದ್ದ ಜಿಮ್ ಮುಚ್ಚಿ, ಆ ಕಟ್ಟಡದಲ್ಲಿ ಪೀಠೋಪಕರಣದ ಅಂಗಡಿ ಬಂತು. 2011ರಲ್ಲಿ ಫ್ರೇಜಿಯರ್ ತೀರಿಕೊಂಡರು. ಸತ್ತ ಮೇಲೆ ಹುಟ್ಟಿದ ತಪ್ಪು ಅರ್ಧ ಮನ್ನಾ ಆಗುತ್ತದೇನೋ, 2015ರ ಸೆಪ್ಟೆಂಬರ್‌ನಲ್ಲಿ ಅವರಿಗೂ ಒಂದು ಪ್ರತಿಮೆ ಸಿಕ್ಕಿತು. ಎಲ್ಲಿ ಗೊತ್ತೇ? ಹಿಂದೆ ಸ್ಪೆಕ್ಟ್ರಮ್ ಇದ್ದ ಜಾಗದಲ್ಲಿ. ರಾಕಿ ಖಾಲಿ ಮಾಡಿ ಹೋದ ವಠಾರಕ್ಕೆ ಚಾಂಪಿಯನ್ ಬಾಡಿಗೆಗೆ ಬಂದಂತಾಯಿತು. ಗೃಹಪ್ರವೇಶದ ಹೂವು ಬಾಡುವ ಮೊದಲೇ, ಎರಡು ತಿಂಗಳಲ್ಲಿ, ‘ಕ್ರೀಡ್’ ತೆರೆಗೆ ಬಂತು: ಮೊದಲ ಸಿನಿಮಾದಲ್ಲಿ ರಾಕಿಯ ಎದುರಾಳಿಯಾಗಿದ್ದ ಹುಟ್ಟದ ಬಾಕ್ಸರ್‌ಗೆ ಹುಟ್ಟದ ಮಗ, ಅವನಿಗೆ ಗುರು ಅದೇ ರಾಕಿ. ಹುಟ್ಟದವರ ವಂಶ ಬೆಳೆಯುವ ವೇಗ ಹುಟ್ಟಿದವರಿಗೆಲ್ಲಿ!

ಈ ಕಾಯಿಲೆ ಫಿಲಡೆಲ್ಫಿಯಾಕ್ಕೆ ಮಾತ್ರ ಅಂಟಿದ್ದಲ್ಲ. ಸರ್ಬಿಯಾದ ಜಿಟಿಶ್ಟೆ ಎಂಬ ಹಳ್ಳಿಯೂ 2007ರಲ್ಲಿ ರಾಕಿಯನ್ನು ನಿಲ್ಲಿಸಿಕೊಂಡಿತು. ರಾಕಿಯ ಕಥೆ ಬರೆಯಲು ಸ್ಟಲೋನ್‌ಗೆ ಸ್ಫೂರ್ತಿಯಾದ ಚಕ್ ವೆಪ್ನರ್, 1975ರಲ್ಲಿ ಅಲಿಯೆದುರು 15ನೇ ಸುತ್ತಿನವರೆಗೆ ರಕ್ತ ಸುರಿಸುತ್ತಾ ನಿಂತಿದ್ದ ಪುಣ್ಯಾತ್ಮ, ತನ್ನ ಪಾಲು ಕೇಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ಮೆಟ್ಟಿಲುಗಳ ಮೇಲೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಮೊದಲ ‘ರಾಕಿ’ಯನ್ನು ಮತ್ತೊಮ್ಮೆ ನೋಡಿ. ಕೊನೆಯ ಪಂದ್ಯಕ್ಕೆ ಮುಂಚೆ ಗಣ್ಯ ಅತಿಥಿಯಾಗಿ ಒಬ್ಬರು ರಿಂಗ್ ಹತ್ತುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಅವರು ಇಳಿದು ಹೋಗುತ್ತಾರೆ. ಅದು ಜೋ ಫ್ರೇಜಿಯರ್. ಆ ಮೇಲೆ ಹೊಡೆದಾಟ ಶುರುವಾಗುತ್ತದೆ.