ಮಕಾಡೆ ಮಲಗಿದ ಫೋನು

ಮೇಜಿನ ಮೇಲೆ ನನ್ನ ಫೋನು ಮಕಾಡೆ ಮಲಗಿದೆ. ಸಿನಿಮಾ ಮಕಾಡೆ ಮಲಗಿದರೆ ನಿರ್ಮಾಪಕನಿಗೆ ನಷ್ಟ. ಫೋನು ಮಲಗಿದರೆ ನನಗೆ ಲಾಭ. ಭಾನುವಾರ ಬೆಳಿಗ್ಗೆ ಅದನ್ನು ಹೀಗೆ ಬೋರಲು ಹಾಕಿ ಸುಮ್ನೆ ಕೂರುವುದು ನಾನು ಮಾಡುವ ಅತಿ ದೊಡ್ಡ ಮೋಜು. ಇದಕ್ಕೆ ಕಾಸು ಬೇಕಾಗಿಲ್ಲ ಅನ್ನೋಣವೆಂದರೆ ಸುಳ್ಳಾಗುತ್ತದೆ. ಏಳು ವರ್ಷ ಕಂತು ಕಟ್ಟಿದ್ದೇನೆ.

ಸಾಲ ಇದ್ದ ಕಾಲದಲ್ಲಿ ಫೋನು ಅಂಗಾತ ಮಲಗಿರುತ್ತಿತ್ತು. ನಾನು ಅದರ ಮುಖ ನೋಡುತ್ತಾ ಕೂತಿರುತ್ತಿದ್ದೆ. ಕರೆ ಬಂದರೆ ಗುರ್ರ್ ಎನ್ನುತ್ತಾ ಮೇಜಿನ ಅಂಚಿನ ಕಡೆಗೆ ಇಂಚಿಂಚೇ ತೆವಳುತ್ತಿತ್ತು. ಬಿದ್ದು ಹಾಳಾಗಿ ಹೋಗಲಿ ಅಂತ ಒಂದು ಮನಸ್ಸು. ಬಿದ್ದರೆ ಹೊಸ ಫೋನಿಗೆ ಮತ್ತೊಂದು ಕಂತು ಅಂತ ಇನ್ನೊಂದು ಮನಸ್ಸು. ಕೊನೇ ಗಳಿಗೆಯಲ್ಲಿ ಹಿಡಿದುಕೊಳ್ಳುತ್ತಿದ್ದೆ.

ನಿಜ ಹೇಳಬೇಕೆಂದರೆ ಸಾಲ ಕೊಟ್ಟವರ ಕರೆಗಿಂತ ಆಫೀಸಿನ ಕರೆಗೇ ಭಯ ಜಾಸ್ತಿ. ರಜಾ ದಿನ ಮೇಲಿನವರು "ಸ್ವಲ್ಪ ಬರ್ತೀರಾ?" ಅಂದರೆ "ಆಯ್ತು ಸರ್" ಅಂತಿದ್ದೆ. ಬಾಯಿ ನನ್ನದೇ. ಮಾತಾಡುತ್ತಿದ್ದದ್ದು ಮಾತ್ರ ಐದನೇ ತಾರೀಖಿನ ಕಂತು.

ಅದರಲ್ಲೂ ಕ್ರೆಡಿಟ್ ಕಾರ್ಡಿನ ಬಾಕಿ! ಒಂದು ಹಳೇ ಲೆಕ್ಕವಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದುಡ್ಡು ದುಪ್ಪಟ್ಟಾಗುತ್ತದೆ ಅಂತ ಹೆಚ್ಚುಕಡಿಮೆ ಸಿಗುತ್ತದೆ. ಬಾಕಿಗೆ ವರ್ಷಕ್ಕೆ ಶೇಕಡಾ 36 ಬಡ್ಡಿಯಾದರೆ ಎರಡೇ ವರ್ಷ. ಉಳಿತಾಯಕ್ಕೆ ಶೇಕಡಾ 6 ಸಿಕ್ಕರೆ ಹನ್ನೆರಡು ವರ್ಷ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂತೂ ಸಾಲ ತೀರಿತು. ಆಮೇಲೆ ಆರು ತಿಂಗಳ ಖರ್ಚಿಗಾಗುವಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟೆ. ಅದರಿಂದ ಇವತ್ತಿನವರೆಗೂ ಒಂದು ಪೈಸೆ ತೆಗೆದಿಲ್ಲ. ಆದರೂ ದಿನಾ ಬಳಸುತ್ತೇನೆ. ಮೊದಲ ಸಲ ಬಳಸಿದ್ದು ಒಂದು ಭಾನುವಾರ. "ಸ್ವಲ್ಪ ಬರ್ತೀರಾ?" ಅಂದರು. "ಇವತ್ತು ಆಗಲ್ಲ ಸರ್" ಅಂದೆ. ಮುಂಚೆಯಾದರೆ ಜೊತೆಗೆ ಒಂದು ಜ್ವರವನ್ನೋ, ಆಗಲೇ ಎರಡು ಸಲ ತೀರಿಕೊಂಡಿದ್ದ ದೂರದ ಅಜ್ಜಿಯನ್ನೋ ಸೇರಿಸುತ್ತಿದ್ದೆ. ಅವತ್ತು ಏನೂ ಸೇರಿಸಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ. ಆಮೇಲೆ "ಸರಿ, ಸೋಮವಾರ ನೋಡೋಣ" ಅಂದರು. ಅಷ್ಟೇ! ಇಷ್ಟು ಸಣ್ಣ ಮಾತಿಗೆ ಏಳು ವರ್ಷ ಬೇಕಾಯಿತಾ ಅಂತ ನಗು ಬಂತು.

ಸಾಲ ತೀರಿದ್ದನ್ನು ಒಬ್ಬ ಹಳೇ ಗೆಳೆಯನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೈಸಾಲ ಕೇಳಿಕೊಂಡು ಬರುತ್ತಾರೆ ಅನ್ನುವ ಕಂಜೂಸು ಲೆಕ್ಕವೂ ಇತ್ತು, ಸುಳ್ಳೇಕೆ. ಆದರೆ ಅದಷ್ಟೇ ಅಲ್ಲ. ಒಂದು ಸಲ ಹೇಳಿಕೊಂಡರೆ ನೋಡುವವರು ಹುಟ್ಟಿಕೊಳ್ಳುತ್ತಾರೆ. "ಇನ್ನೇನು, ಕಾರು ತಗೋ" ಅಂತಾರೆ. ಅವರ ಕಣ್ಣಿಗೆ ಚೆನ್ನಾಗಿ ಕಾಣಲು ಹೋಗಿಯೇ ಅಲ್ವಾ ಮೊದಲನೇ ಸಾಲ ಆಗಿದ್ದು? ಹಾಗಾಗಿ ಯಾರಾದರೂ ಏನು ಸಮಾಚಾರ ಅಂದರೆ, "ಹೀಗೇ ನಡೀತಿದೆ" ಅಂದು ಮುಗಿಸುತ್ತೇನೆ.

ಸುಮಾರು 2,300 ವರ್ಷಗಳ ಹಿಂದೆ ಅಥೆನ್ಸಿನಲ್ಲಿದ್ದ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಕೂಡ ಯಾರ ಕಣ್ಣಿಗೂ ಬೀಳದೆ ಬದುಕಿ ಎಂದು ತನ್ನವರಿಗೆ ಹೇಳುತ್ತಿದ್ದನಂತೆ. ಪಾಪ, ಅವನ ಹೆಸರೇ ಇಷ್ಟು ಕಾಲ ಉಳಿದುಬಿಟ್ಟಿದೆ. ಅವನು ಊರಿನ ರಾಜಕೀಯದಿಂದ ದೂರ, ಒಂದು ತೋಟದಲ್ಲಿ ಇದ್ದ. ಆದರೆ ಒಬ್ಬನೇ ಅಲ್ಲ, ಗೆಳೆಯರ ಜೊತೆ. ಇದನ್ನು ನಾನು ತಡವಾಗಿ ಗಮನಿಸಿದೆ.

ಯಾಕೆಂದರೆ ಕಳೆದ ವರ್ಷ ಫೋನು ಹೀಗೇ ಬೋರಲು ಬಿದ್ದಿದ್ದಾಗ ನನ್ನ ಆ ಹಳೇ ಗೆಳೆಯ ನಾಲ್ಕು ಸಲ ಕರೆ ಮಾಡಿದ್ದ. ಮಗಳು ಹುಟ್ಟಿದ ಸುದ್ದಿ ಹೇಳಲು. ನನಗೆ ಗೊತ್ತಾಗಿದ್ದು ಸಂಜೆ. "ನೀನು ಸಾಲದಲ್ಲಿದ್ದಾಗಲೇ ವಾಸಿ ಕಣೋ, ಮೊದಲ ರಿಂಗಿಗೇ ಎತ್ತುತ್ತಿದ್ದೆ" ಅಂತ ಬೈದ. ಆಮೇಲಿಂದ ಅವನಿಗೊಬ್ಬನಿಗೆ ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ. ಮಿಕ್ಕವರಿಗೆಲ್ಲ ಮೌನ.

ತಡೀರಿ, ಅದೇ ಬಾರಿಸಿತು.

"ಏನೋ ಮಾಡ್ತಿದ್ದೀಯ?"

"ಏನೂ ಇಲ್ಲ ಕಣೋ. ಸುಮ್ನೆ ಕೂತಿದ್ದೆ."

"ನಿಂಗೇನಪ್ಪಾ!" ಅಂದ. ಅವನ ಹಿಂದೆ ಮಗು ಜೋರಾಗಿ ಅಳುತ್ತಿತ್ತು.