ನಮ್ಮ ಆಲೋಚನೆಗಳು ನಿಮ್ಮೊಂದಿಗಿವೆ

ದೊಡ್ಡಮ್ಮ ತೀರಿಕೊಂಡ ಮೂರನೆಯ ದಿನ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡರು. ಬಂಧುಗಳ ವಾಟ್ಸ್‌ಆಪ್ ಗುಂಪಿನಲ್ಲಿ ಸಂತಾಪಗಳು ಸಾಲುಗಟ್ಟಿದ್ದವು. ಒಂದನ್ನು ಎರಡು ಸಲ ಓದಿ, "ಈ ಕಠಿಣ ಸಮಯದಲ್ಲಿ ನಮ್ಮ ಆಲೋಚನೆಗಳು ನಿಮ್ಮೊಂದಿಗಿವೆ ಎಂದಿದ್ದಾನಲ್ಲ, ಏನು ಆಲೋಚನೆಯಂತೆ ಅವನದು?" ಎಂದು ಕೇಳಿದರು.

ಬರೆದವನು ಅವರ ಸೋದರಳಿಯ. ಎದುರಿಗೆ ಸಿಕ್ಕರೆ ಒಂದು ‘ಹೂಂ’ ಹೊರಡಿಸಲು ಗಂಟಲು ಸರಿಮಾಡಿಕೊಳ್ಳುವ ಪ್ರಾಣಿ. ಅವನ ಹೆಸರಿನಲ್ಲಿ ಮೂರು ಪ್ಯಾರಾ, ತಪ್ಪಿಲ್ಲದ ಕಾಗುಣಿತ, ಜಾಗ ಅರಿತು ಕುಳಿತ ಅಲ್ಪವಿರಾಮ! ಎಐ ಬರೆದುಕೊಟ್ಟದ್ದು ಎಂದು ದೊಡ್ಡಪ್ಪನಿಗೆ ಹೇಗೆ ಬಿಡಿಸಿ ಹೇಳಲಿ? "ಒಳ್ಳೆಯ ಆಲೋಚನೆಯೇ ಇರಬೇಕು" ಎಂದೆ.

ಹಾಗೆಂದು ಸಿದ್ಧ ಮಾತು ನಮಗೆ ಹೊಸದೇನಲ್ಲ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗದ ಕಾಗದವನ್ನು ನಮ್ಮಜ್ಜ ಕಾಗದವೆಂದೇ ಎಣಿಸುತ್ತಿರಲಿಲ್ಲ. ಅದರ ಅರ್ಥ ಅವರಿಗೆ ಪೂರ್ತಿ ಗೊತ್ತಿತ್ತೋ ಇಲ್ಲವೋ. ತಂತಿಯಲ್ಲಂತೂ, ಅಂದರೆ ಟೆಲಿಗ್ರಾಮಿನಲ್ಲಿ, ಹಾರೈಕೆಗೆ ನಂಬರು ಇತ್ತು. ಮದುವೆಗೆ ಹೋಗಲಾಗದವರು ಅಂಚೆ ಕಚೇರಿಯಲ್ಲಿ 8 ಎಂದು ಬರೆದುಕೊಟ್ಟರೆ, ಸುದೀರ್ಘ ಸುಖಮಯ ದಾಂಪತ್ಯದ ಶುಭಾಶಯ ಮಂಟಪಕ್ಕೆ ಬಂದು ಬೀಳುತ್ತಿತ್ತು. 2013ರ ಜುಲೈನಲ್ಲಿ ತಂತಿಯೇ ನಿಂತುಹೋಯಿತು. ಆದರೆ ಆ ಶುಭಾಶಯ ಇಲಾಖೆಯ ವಾಕ್ಯ ಎಂಬುದು ಕಳಿಸಿದವನಿಗೂ ಗೊತ್ತು, ಮದುಮಗನಿಗೂ ಗೊತ್ತು. ಬಾಡಿಗೆ ಕೋಟನ್ನು ಯಾರೂ ಸ್ವಂತದ್ದೆಂದು ಹೇಳಿಕೊಳ್ಳುತ್ತಿರಲಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೋಟು ಅಳತೆಗೆ ಸರಿಯಾಗಿ ಹೊಲಿದೇ ಬರುತ್ತಿದೆ, ಅದೂ ಬಿಟ್ಟಿಯಾಗಿ.

ಅದೂ ಇರಲಿ ಎನ್ನೋಣ. ನನಗೆ ಚುಚ್ಚಿದ್ದು ಬೇರೆ. ದೊಡ್ಡಮ್ಮನ ಬಗ್ಗೆ ನಾನೂ ಗುಂಪಿನಲ್ಲಿ ನಾಲ್ಕು ಸಾಲು ಬರೆದಿದ್ದೆ: ಮಾವಿನ ಮಿಡಿಯ ಭರಣಿಗೆ ಬಟ್ಟೆ ಕಟ್ಟುವಾಗ ನನ್ನ ಬೆರಳನ್ನು ಗಂಟಿನ ಮೇಲೆ ಇರಿಸಿಕೊಂಡು, ಬಿಗಿದಾದ ಮೇಲೂ ಬಿಡದೆ ಕಾಡಿಸುತ್ತಿದ್ದರು ಎಂದು. ರಾತ್ರಿ ಹನ್ನೊಂದರವರೆಗೆ ಕುಳಿತು, ಒರೆಸಿ ಒರೆಸಿ ಬರೆದದ್ದು. ಬೆಳಿಗ್ಗೆ ಚಿಕ್ಕಪ್ಪನ ಮಗ ಫೋನು ಮಾಡಿದ: "ಅಣ್ಣ, ಓದಿ ಅಳುವೇ ಬಂತು. ಯಾವ ಆ್ಯಪಿನಲ್ಲಿ ಬರೆಸಿದೆ?"

ಅವನು ಅಣಕಿಸುತ್ತಿರಲಿಲ್ಲ, ಪಾಪ. ಮೆಚ್ಚಿಕೊಂಡೇ ಕೇಳಿದ್ದ. ನಾನು ಮಾತ್ರ ಅಂದಿನಿಂದ ಒಂದೆರಡು ಒತ್ತಕ್ಷರ ತಪ್ಪಿಸಿಯೇ ಬರೆಯುತ್ತಿದ್ದೇನೆ, ಸಾಕ್ಷಿಗಿರಲಿ ಎಂದು.

ದೊಡ್ಡಪ್ಪ ಇನ್ನೂ ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತಲೇ ಇದ್ದರು. ಉದ್ದುದ್ದ ಸಂತಾಪಗಳೆಲ್ಲ ಸರಿದುಹೋದವು. ಗುಂಪಿನಿಂದ ಹೊರಬಿದ್ದು, ಪಕ್ಕದ ಮನೆಯಾಕೆ ನನಗೆ ಕಳಿಸಿದ ಒಂದು ಸಾಲಿನ ಹತ್ತಿರ ಬೆರಳು ನಿಂತಿತು: ‘ನಾಳೆ ಬೆಳಗೆ ಇಡ್ಲಿ ತತ್ತೇನೆ ಒಲೆ ಹಚ್ಚಬೇಡಿ.’

"ಚಟ್ನಿಗೆ ಖಾರ ಕಡಿಮೆ ಹಾಕಲಿ ಎಂದು ಬರೆಯಪ್ಪ" ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟರು.