ಸ್ಪಷ್ಟನೆ: ರೋಗ ಪತ್ತೆ ಪರೀಕ್ಷೆ ‘ಶೇ. 95 ನಿಖರ’ ಎಂಬ ಸಂದೇಶದ ಲೆಕ್ಕ ತಪ್ಪು

"ಪರೀಕ್ಷೆ ಶೇ. 95 ನಿಖರ, ಆದ್ದರಿಂದ ಪಾಸಿಟಿವ್ ಬಂದ ನೂರು ಜನರಲ್ಲಿ 95 ಮಂದಿಗೆ ರೋಗ ಖಚಿತ" ಎಂಬ ಸಂದೇಶ ಗಂಗಾವತಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಲೆಕ್ಕ ತಲೆಕೆಳಗಾಗಿದೆ. ಸಾವಿರ ಮಂದಿಯಲ್ಲಿ ರೋಗವಿರುವವರು 10 ಎಂದಿಟ್ಟುಕೊಳ್ಳಿ. ಆ ಹತ್ತೂ ಮಂದಿ ಸಿಕ್ಕಿಬಿದ್ದರೂ, ಉಳಿದ 990 ಆರೋಗ್ಯವಂತರಲ್ಲಿ ಪರೀಕ್ಷೆ ತಪ್ಪುವ ಶೇ. 5, ಅಂದರೆ ಸುಮಾರು 50 ಮಂದಿಗೆ ಸುಳ್ಳೇ ಪಾಸಿಟಿವ್ ಬರುತ್ತದೆ. ಒಟ್ಟು 60ರಲ್ಲಿ ರೋಗಿಗಳು ಹತ್ತೇ!

ಅಕ್ಕಿ ಆರಿಸುವವರಿಗೆ ಇದು ಹೊಸದಲ್ಲ. ಕಲ್ಲು ಅಪರೂಪವಾದ ಸೋನಾ ಮಸೂರಿಯಲ್ಲಿ, ಕಲ್ಲೆಂದು ಮೊರದಿಂದ ಎತ್ತಿ ಎಸೆದದ್ದರಲ್ಲಿ ಹೆಚ್ಚಿನದು ಬಿಳಿ ನುಚ್ಚೇ. (ನಮ್ಮ ಮನೆಯಲ್ಲಿ ಇದಕ್ಕೇ ಜಗಳ.) ರೋಗಲಕ್ಷಣ ಇದ್ದವರ ಲೆಕ್ಕ ಬೇರೆ, ಅವರಲ್ಲಿ ರೋಗಿಗಳ ಪ್ರಮಾಣವೇ ಹೆಚ್ಚು. ಪಾಸಿಟಿವ್ ಬಂದವರು ಕಂಗೆಡದೆ, ಉದಾಸೀನವನ್ನೂ ಮಾಡದೆ, ದೃಢೀಕರಣ ಪರೀಕ್ಷೆ ಮಾಡಿಸಿಕೊಳ್ಳಬೇಕು.